ಹಲಗೆಯನ್ನು ನೋಡುವವರು ಯಾರು?

ಯಾವುದೇ ಗೋದಾಮಿನ ಹಿಂಬದಿಯಲ್ಲಿ ಪೇರಿಸಿಟ್ಟ ಮರದ ಪ್ಯಾಲೆಟ್‌ಗಳನ್ನು ಸ್ವಲ್ಪ ಬಗ್ಗಿ ನೋಡಿದರೆ ಪಕ್ಕದ ಗಟ್ಟಿಯ ಮೇಲೊಂದು ಗುರುತು ಸಿಗುತ್ತದೆ. ಕಾದ ಕಬ್ಬಿಣದಿಂದ ಸುಟ್ಟದ್ದು, ಇಲ್ಲವೇ ಕಪ್ಪು ಶಾಯಿಯಲ್ಲಿ ಒತ್ತಿದ್ದು. ಚೌಕದೊಳಗೆ ಎಡಕ್ಕೆ ತೆನೆಯ ಚಿತ್ರ. ಬಲಕ್ಕೆ ದೇಶವನ್ನು ಸೂಚಿಸುವ ಎರಡಕ್ಷರ, ಮರವನ್ನು ಸಂಸ್ಕರಿಸಿದ ಘಟಕದ ಸಂಖ್ಯೆ, ಜೊತೆಗೆ ‘ಎಚ್‌ಟಿ’ ಅಥವಾ ‘ಎಂಬಿ’ ಎಂಬ ಮೊಟಕು ಬರಹ. ಈ ಠಸ್ಸೆ ಅಳಿಸಿಹೋಗಬಾರದು, ಚೀಟಿಯ ಹಾಗೆ ಕಿತ್ತು ಇನ್ನೊಂದಕ್ಕೆ ಅಂಟಿಸುವಂತಿರಬಾರದು. ಕೆಂಪು, ಕಿತ್ತಳೆ ಬಣ್ಣ ಬಳಸದಿರುವುದು ಲೇಸು. ಅವು ಅಪಾಯಕಾರಿ ಸರಕಿಗೆ ಮೀಸಲಾದ ಬಣ್ಣಗಳು.

ಕಂಟೇನರಿನೊಳಗಿನ ಯಂತ್ರಕ್ಕೋ ಟೈಲ್ಸಿಗೋ ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಬಿಲ್ ಆಫ್ ಲೇಡಿಂಗು, ಬಿಲ್ ಆಫ್ ಎಂಟ್ರಿ ಎಂದು ಕಾಗದದ ಕಟ್ಟೇ ಇರುತ್ತದೆ. ಆ ಸರಕನ್ನು ಹೊತ್ತು ತಂದ ಮರಕ್ಕೆ ಇರಬೇಕಾದದ್ದು ಈ ಒಂದು ಠಸ್ಸೆ. ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕೆಲಸ ಮಾಡಲು ಹೊರಟದ್ದು ಅಪರೂಪ. ಇಪ್ಪತ್ತು ವರ್ಷಗಳಲ್ಲಿ ಅದರ ಸುತ್ತ ಮತ್ತೆ ಕಾಗದ ಬೆಳೆದಿದೆ. ಕಾಗದ ಬೆಳೆದಷ್ಟೂ ಮರವನ್ನು ನೋಡುವ ಕಣ್ಣು ಕಡಿಮೆಯಾಗಿದೆ ಎನ್ನುವುದು ನನ್ನ ವಾದ. ನಿಯಮ ಬೇಡ ಎನ್ನುವವರ ಪಕ್ಷ ನನ್ನದಲ್ಲ. ಇನ್ನೂ ಬಿಗಿಯಾಗಲಿ, ಆದರೆ ಬಿಗಿಯಾಗಬೇಕಾದ ಜಾಗದಲ್ಲಿ.

ಠಸ್ಸೆ ಹೇಳುವುದಿಷ್ಟು. ‘ಎಚ್‌ಟಿ’ ಎಂದರೆ ಮರವನ್ನು ಕಾಯಿಸಲಾಗಿದೆ: ಹೊರಮೈ ಮಾತ್ರವಲ್ಲ, ನಡುತಿರುಳೂ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಬಿಡದೆ 30 ನಿಮಿಷ ಆ ಶಾಖದಲ್ಲಿ ಇದ್ದಿರಬೇಕು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲ ಕೊಟ್ಟಿದ್ದಾರೆ, ಕನಿಷ್ಠ 24 ಗಂಟೆ. ಇನ್ನೆರಡು ವಿಧಾನಗಳು ನಂತರ ಸೇರಿದವು, ಬಳಕೆಯಲ್ಲಿ ಕಡಿಮೆ. ಯಾವುದೇ ವಿಧಾನವಾದರೂ ತೊಗಟೆ ತೆಗೆದಿರಬೇಕು. ಮೂರು ಸೆಂಟಿಮೀಟರಿಗಿಂತ ಕಿರಿದಾದ ಪಟ್ಟಿ ಅಲ್ಲಲ್ಲಿ ಉಳಿದರೆ ನಡೆಯುತ್ತದೆ. ಪ್ಲೈವುಡ್ಡಿಗೂ ಪಾರ್ಟಿಕಲ್ ಬೋರ್ಡಿಗೂ ಈ ನಿಯಮ ಅನ್ವಯಿಸದು, ಏಕೆಂದರೆ ಅಂಟು, ಶಾಖ, ಒತ್ತಡ ಮೂರರಲ್ಲೂ ಬೆಂದು ಬಂದ ಹಲಗೆಯಲ್ಲಿ ಹುಳ ಉಳಿಯುವುದಿಲ್ಲ. ಆರು ಮಿಲಿಮೀಟರಿಗಿಂತ ದಪ್ಪವಿಲ್ಲದ ಮರಕ್ಕೂ ವಿನಾಯಿತಿ. ‘ಐಎಸ್‌ಪಿಎಂ 15’ ಎಂದು ಕರೆಯುವ ಈ ಮಾನದಂಡವನ್ನು 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ 2002ರಲ್ಲಿ ಅಂಗೀಕರಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ ರೋಮ್‌ನಿಂದ ನಡೆಯುವ ವ್ಯವಸ್ಥೆ ಇದು.

ರೋಮ್‌ನಲ್ಲಿ ಕುಳಿತವರಿಗೆ ಪ್ಯಾಲೆಟ್ಟಿನ ಚಿಂತೆ ಹತ್ತಿಸಿದ್ದು ಒಂದು ದುಂಬಿ.

1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಗ್ರೀನ್‌ಪಾಯಿಂಟ್ ಬಡಾವಣೆಯಲ್ಲಿ ರಸ್ತೆಬದಿಯ ಮೇಪಲ್ ಮರಗಳಲ್ಲಿ ತೂತುಗಳು ಕಾಣಿಸಿದವು. ಡ್ರಿಲ್ ಹಾಕಿ ಕೊರೆದಂತೆ ಗುಂಡಗೆ, ನಯವಾಗಿ, ಸುಮಾರು ಒಂದು ಸೆಂಟಿಮೀಟರ್ ಅಗಲ. ಯಾರೋ ಪುಂಡರ ಕೆಲಸವಿರಬೇಕು ಎಂದುಕೊಂಡವರೂ ಇದ್ದರು. ಬುಡದಲ್ಲಿ ಮರದ ಹುಡಿ ಬಿದ್ದಿತ್ತು. ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಮೈಗಿಂತ ಉದ್ದದ ಮೀಸೆ: ಚೀನಾ, ಕೊರಿಯಾ ಕಡೆಯ ಉದ್ದಮೀಸೆಯ ದುಂಬಿ. 1998ರಲ್ಲಿ ಷಿಕಾಗೊ, 2008ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್. ವುಸ್ಟರ್ ಒಂದರ ಸುತ್ತಮುತ್ತಲೇ 30 ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿದು ಹಾಕಬೇಕಾಯಿತು. ತಲೆಮಾರುಗಳಿಂದ ನೆರಳಲ್ಲಿದ್ದ ಬೀದಿಗಳು ಒಂದೆರಡು ವರ್ಷದಲ್ಲಿ ಬಟಾಬಯಲಾದವು.

ಕೊಡಗು, ಚಿಕ್ಕಮಗಳೂರಿನ ಅರೇಬಿಕಾ ಬೆಳೆಗಾರರಿಗೆ ಈ ಕಥೆ ಹೊಸತಲ್ಲ. ಅವರು ‘ಬೋರರ್’ ಎಂದು ಕರೆಯುವ ಬಿಳಿಕಾಂಡಕೊರಕ ಇದೇ ಉದ್ದಮೀಸೆಯ ದುಂಬಿಗಳ ಕುಟುಂಬದ್ದು. ತೊಗಟೆಯ ಬಿರುಕಿನಲ್ಲಿ ಮೊಟ್ಟೆ, ಕಾಂಡದೊಳಗೆ ತಿಂಗಳುಗಟ್ಟಲೆ ಕೊರೆಯುವ ಹುಳು, ಗಿಡ ಸೊರಗುವ ತನಕ ಹೊರಗಿನವರಿಗೆ ಸುಳಿವೇ ಇಲ್ಲ. ದುಂಬಿ ಹಾರುವ ಕಾಲಕ್ಕೆ ಮುಂಚೆ ಟ್ರೇಸಿಂಗ್ ಮಾಡಿಸಿ, ಅಂದರೆ ಗಿಡಗಳನ್ನು ಒಂದೊಂದಾಗಿ ನೋಡಿಸಿ, ಹುಳ ಹಿಡಿದ ಗಿಡವನ್ನು ಬುಡಸಮೇತ ಕಿತ್ತು ಸುಡುವುದೇ ಇಂದಿಗೂ ನಂಬಬಹುದಾದ ಮದ್ದು. ವುಸ್ಟರಿನಲ್ಲೂ ಮಾಡಿದ್ದು ಅದನ್ನೇ. ಒಂದು ವ್ಯತ್ಯಾಸವಿದೆ. ಬೋರರ್ ನಮ್ಮ ನೆಲದ್ದು, ಅದರ ಲೆಕ್ಕಾಚಾರ ಬೆಳೆಗಾರನಿಗೆ ಗೊತ್ತು. ಬ್ರೂಕ್ಲಿನ್‌ಗೆ ಬಂದದ್ದು ಅಪರಿಚಿತ.

ಅದು ಹೇಗೆ ಬಂತು ಎನ್ನುವುದರಲ್ಲಿ ಪಾಠವಿದೆ. ಉತ್ತರ ಚೀನಾದಲ್ಲಿ 1978ರಿಂದ ಮರಳುಗಾಳಿಯನ್ನು ತಡೆಯಲೆಂದು ಮೈಲುಗಟ್ಟಲೆ ಪಾಪ್ಲರ್ ಮರ ಬೆಳೆಸಿದರು. ಒಂದೇ ಜಾತಿಯ ಮರ ಸಾಲುಗಟ್ಟಿ ನಿಂತದ್ದು ದುಂಬಿಗೆ ಹಬ್ಬವಾಯಿತು. ಹುಳ ಬಿದ್ದ ಮರ ಪೀಠೋಪಕರಣಕ್ಕೆ ಆಗದು, ಮನೆಗೆ ಆಗದು; ಅಗ್ಗವಾಗಿ ಪೆಟ್ಟಿಗೆ, ಪ್ಯಾಲೆಟ್ಟಿಗೆ ಹೋಯಿತು. ಎಲ್ಲ ದೇಶದಲ್ಲೂ ಪ್ಯಾಕಿಂಗಿಗೆ ಬರುವುದು ಬೇರೆ ಯಾವುದಕ್ಕೂ ಬಾರದ ಮರವೇ. ಅಮೆರಿಕ 1998ರ ಡಿಸೆಂಬರಿನಿಂದ ಚೀನಾದ ಮರದ ಪ್ಯಾಕಿಂಗಿಗೆ ಸಂಸ್ಕರಣೆ ಕಡ್ಡಾಯ ಮಾಡಿತು. ದೇಶಕ್ಕೊಂದು ನಿಯಮ, ನಿಯಮಕ್ಕೊಂದು ಪ್ರಮಾಣಪತ್ರ ಎಂದಾದರೆ ವ್ಯಾಪಾರ ನಡೆಯದು ಎಂಬ ಭಯದಿಂದ 2002ರ ಏಕರೂಪದ ಮಾನದಂಡ ಬಂತು. ಅಷ್ಟರಲ್ಲಿ ಪೋರ್ಚುಗಲ್ಲಿನ ಪೈನ್ ಕಾಡಿಗೆ ಕಣ್ಣಿಗೆ ಕಾಣದ ಜಂತುಹುಳು ಇಳಿದದ್ದು 1999ರಲ್ಲೇ ಪತ್ತೆಯಾಗಿತ್ತು. ಮಾನದಂಡ ಅಂಗೀಕಾರವಾದ ವರ್ಷವೇ ಡೆಟ್ರಾಯಿಟ್ ಬಳಿ ಇನ್ನೊಂದು ದುಂಬಿ, ಹಸಿರು ಮಿನುಗಿನ ಆ್ಯಶ್ ಕೊರಕ, ಸಿಕ್ಕಿತು. ಅದು ಬಂದು ಆಗಲೇ ಸುಮಾರು ಹತ್ತು ವರ್ಷವಾಗಿತ್ತು ಎಂದು ನಂತರ ಮರದ ಬಳೆಗಳನ್ನು ಎಣಿಸಿದವರು ಹೇಳಿದರು. ಬೇಸ್‌ಬಾಲ್ ಬ್ಯಾಟಿನ ಮರವಾದ ಆ್ಯಶ್ ಕೋಟಿಗಟ್ಟಲೆ ಸತ್ತಿತು. ಕೊನೆಗೆ 2021ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಆ ದುಂಬಿಗಾಗಿ ದೇಶದೊಳಗೆ ಹಾಕಿದ್ದ ಸಾಗಣೆ ನಿರ್ಬಂಧವನ್ನೇ ಹಿಂತೆಗೆದುಕೊಂಡಿತು. ಗೆಲ್ಲಲಾಗದು ಎಂದು ಒಪ್ಪಿಕೊಂಡ ಹಾಗೆ.

ಈ ನಷ್ಟವನ್ನು ಭರಿಸಿದವರು ಯಾರು? ಪೆಟ್ಟಿಗೆಗೆ ಅಗ್ಗದ ಮರ ಹಾಕಿದ ಪ್ಯಾಕಿಂಗ್ ಗುತ್ತಿಗೆದಾರನೂ ಅಲ್ಲ, ಅದರೊಳಗಿನ ಸರಕು ತರಿಸಿದ ಆಮದುದಾರನೂ ಅಲ್ಲ. ಬೀದಿ ಮರ ಕಳೆದುಕೊಂಡ ಊರು, ಕಾಡು ಕಳೆದುಕೊಂಡ ಸಣ್ಣ ಹಿಡುವಳಿದಾರ, ತೆರಿಗೆ ಕಟ್ಟುವ ಜನ. ಒಂದು ಪ್ಯಾಲೆಟ್ಟಿನ ಮೇಲೆ ನಾಲ್ಕು ಕಾಸು ಉಳಿಸಿದವನೂ ಮರ ಕಳೆದುಕೊಂಡವನೂ ಎಂದೂ ಮುಖಾಮುಖಿಯಾಗುವುದಿಲ್ಲ; ಅವರ ನಡುವೆ ಒಂದು ಸಾಗರ, ಹತ್ತು ವರ್ಷ. ಮಾರುಕಟ್ಟೆ ತಾನಾಗಿ ಸರಿಪಡಿಸಿಕೊಳ್ಳಲಿ ಎನ್ನುವ ವಾದ ಇಲ್ಲಿ ಕೈಕೊಡುವುದು ಈ ಕಾರಣಕ್ಕೆ. ಹುಳ ಬಂದ ಪೆಟ್ಟಿಗೆ ಯಾವುದೆಂದು ಗುರುತಿಸುವಷ್ಟರಲ್ಲಿ ಪೆಟ್ಟಿಗೆ ಸೌದೆಯಾಗಿ ಉರಿದುಹೋಗಿರುತ್ತದೆ. ಹಾಗಾಗಿ ಶಿಕ್ಷೆಗಿಂತ ಮೊದಲೇ ತಡೆಯುವುದೊಂದೇ ದಾರಿ, ಅದನ್ನು ಸರ್ಕಾರವೇ ಮಾಡಬೇಕು.

ರಫ್ತುದಾರರ ಗೊಣಗಾಟವನ್ನು ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕರಿಕಲ್ಲು ಹೊರದೇಶಕ್ಕೆ ಹೋಗುವುದು ಮರದ ಚೌಕಟ್ಟಿನಲ್ಲಿ ಬಿಗಿಸಿಕೊಂಡೇ. ಕಲ್ಲಿನಲ್ಲಿ ಹುಳ ಇಲ್ಲವಲ್ಲ, ನಮಗೇಕೆ ಸಸ್ಯರೋಗದ ಕಾನೂನು ಎಂದು ಕ್ವಾರಿಯವರು ಕೇಳಿದರೆ ಕೇಳಲು ಸಹಜವಾಗಿಯೇ ಇದೆ. ಆದರೆ ಅಮೆರಿಕದ ಬಂದರುಗಳಲ್ಲಿ ಹುಳ ಹೆಚ್ಚಾಗಿ ಸಿಕ್ಕಿದ್ದು ಕಲ್ಲು, ಟೈಲ್ಸು, ಕಬ್ಬಿಣದಂಥ ಭಾರದ ಸರಕಿನ ಅಡಿಯಲ್ಲೇ. ಭಾರಕ್ಕೆ ದಪ್ಪ ಮರ ಬೇಕು, ದಪ್ಪ ಮರದ ತಿರುಳಿಗೆ ಶಾಖ ಮುಟ್ಟುವುದು ತಡ, ಒರಟು ಸರಕಿಗೆ ಒಳ್ಳೆಯ ಮರ ಹಾಕಲು ಯಾರಿಗೂ ಮನಸ್ಸಿಲ್ಲ. ಹಣ್ಣು ತರಕಾರಿಯ ಕಂಟೇನರನ್ನು ಅಧಿಕಾರಿ ಹೇಗೂ ತೆರೆದು ನೋಡುತ್ತಾನೆ. ಕಲ್ಲಿನ ಕಂಟೇನರನ್ನು ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನು ಕಾಗದದ ವಿಷಯ. 2002ರ ಮಾನದಂಡದ ಜಾಣತನ ಇದ್ದದ್ದು ಇಲ್ಲಿ: ಸಂಸ್ಕರಣೆಯ ಸಾಕ್ಷಿ ಮರದ ಮೇಲೇ ಇರುವುದರಿಂದ ಪ್ರತ್ಯೇಕ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಿಲ್ಲ. ಕಾಗದ ಸರಕಿನಿಂದ ಬೇರೆಯಾಗಬಹುದು, ತಪ್ಪು ಪೆಟ್ಟಿಗೆಗೆ ಸೇರಬಹುದು, ದಾರಿಯಲ್ಲಿ ಕಳೆಯಬಹುದು. ಸುಟ್ಟ ಗುರುತು ಹಲಗೆಯನ್ನು ಬಿಟ್ಟು ಹೋಗದು. ಪ್ಯಾಲೆಟ್ ಹತ್ತು ದೇಶ ಸುತ್ತಿದರೂ ಠಸ್ಸೆ ಜೊತೆಗೇ ಸುತ್ತುತ್ತದೆ. ದುರಸ್ತಿಗೂ ನಿಯಮವಿದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಲಗೆ ಬದಲಾದರೆ ಹಳೆಯ ಠಸ್ಸೆಗಳನ್ನೆಲ್ಲ ಅಳಿಸಿ, ಪೂರ್ತಿ ಮತ್ತೆ ಕಾಯಿಸಿ, ಹೊಸದಾಗಿ ಒತ್ತಬೇಕು.

ಆದರೂ ಕೊಳ್ಳುವವರು ‘ಫ್ಯೂಮಿಗೇಷನ್ ಸರ್ಟಿಫಿಕೇಟ್ ಕಳಿಸಿ’ ಎನ್ನುತ್ತಾರೆ. ಠಸ್ಸೆ ಇದೆಯಲ್ಲ ಎಂದರೆ, ಇರಲಿ, ಫೈಲಿಗೆ ಬೇಕು. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ಟಿನಲ್ಲಿ ಯಾರೋ ಎಂದೋ ಒಂದು ಸಾಲು ಸೇರಿಸಿದ್ದರೆ ಅದು ಕಲ್ಲಿನ ಮೇಲಿನ ಗೆರೆ. ಕಾಯಿಸಿದ ಮರಕ್ಕೆ ಅನಿಲದ ಸರ್ಟಿಫಿಕೇಟ್ ಕೇಳುವ ಅಸಂಬದ್ಧವೂ ನಡೆಯುತ್ತದೆ. ಸರ್ಟಿಫಿಕೇಟಿಗಾಗಿಯೇ ಮತ್ತೊಮ್ಮೆ ಅನಿಲ ಕೊಡಿಸುವುದೂ ಉಂಟು.

ಆಸ್ಟ್ರೇಲಿಯಾದ ವ್ಯವಸ್ಥೆ ಇನ್ನೂ ಸ್ವಾರಸ್ಯದ್ದು. ಜೈವಿಕ ಭದ್ರತೆಯ ವಿಷಯದಲ್ಲಿ ಆ ದೇಶದಷ್ಟು ಕಟ್ಟುನಿಟ್ಟು ಕಡಿಮೆ. ದ್ವೀಪಖಂಡವಾದ್ದರಿಂದ ಕಳೆದುಕೊಳ್ಳುವುದೂ ಹೆಚ್ಚು. ಅಲ್ಲಿಗೆ ಹೋಗುವ ಕಂಟೇನರಿನ ಜೊತೆ ‘ಪ್ಯಾಕಿಂಗ್ ಡಿಕ್ಲರೇಷನ್’ ಹೋಗಬೇಕು. ಸರಕು ಕಳಿಸುವವರ ಲೆಟರ್‌ಹೆಡ್ಡಿನ ಮೇಲೆ ಒಂದೇ ಪುಟ: ಹುಲ್ಲು, ಹೊಟ್ಟಿನಂಥ ನಿಷಿದ್ಧ ವಸ್ತು ತುಂಬಿದ್ದೀರಾ? ಮರ ಅಥವಾ ಬಿದಿರು ಬಳಸಿದ್ದೀರಾ? ಬಳಸಿದ್ದರೆ ಯಾವ ಸಂಸ್ಕರಣೆ? ಹೌದು, ಇಲ್ಲ ಎಂದು ಗುರುತು ಹಾಕಿ, ಹೆಸರು ಬರೆದು, ಸಹಿ ಮಾಡಿ, ತಾರೀಕು ಹಾಕಬೇಕು. ದಿನಾಂಕ ಬಿಟ್ಟರೆ, ಹೆಸರು ಅಚ್ಚಾಗದಿದ್ದರೆ, ತಿದ್ದುಪಡಿಗೆ ಸಹಿಯಿಲ್ಲದಿದ್ದರೆ ಕಾಗದ ಅಮಾನ್ಯ, ಕಂಟೇನರ್ ತಪಾಸಣೆಗೆ. ಮಾನ್ಯತೆ ಪಡೆದ ಕಸ್ಟಮ್ಸ್ ಬ್ರೋಕರ್‌ಗಳು ಈ ಕಾಗದವನ್ನು ತಾವೇ ನೋಡಿ ತೀರ್ಮಾನಿಸುವ ಏರ್ಪಾಡೂ ಇದೆ.

ಇದರ ಪರವಾಗಿ ಹೇಳುವುದು ಸಾಕಷ್ಟಿದೆ. ಪ್ಯಾಕಿಂಗ್ ನಡೆದ ಜಾಗದಲ್ಲಿ ಒಬ್ಬ ಮನುಷ್ಯ ತನ್ನ ಹೆಸರು ಹಾಕಬೇಕಾಗುತ್ತದೆ. ಹೆಸರು ಹಾಕುವಾಗ ಒಂದು ಕ್ಷಣವಾದರೂ ಮರದ ಕಡೆ ತಿರುಗಿ ನೋಡುತ್ತಾನೆ, ನೋಡಬೇಕು. ಠಸ್ಸೆ ಹೇಳುವುದು ಮರ ಒಂದು ದಿನ ಕಾದಿತ್ತೆಂದಷ್ಟೇ. ಅದೇ ಮರವನ್ನು ಈ ಕಂಟೇನರಿಗೆ ಹಾಕಿದರು, ಪಕ್ಕದಲ್ಲಿದ್ದ ಹಸಿ ಗಟ್ಟಿಯನ್ನು ಬೆಣೆಯಾಗಿ ತುರುಕಲಿಲ್ಲ ಎನ್ನುವುದು ಅಲ್ಲಿದ್ದವನಿಗೆ ಮಾತ್ರ ಗೊತ್ತು. ಸರಕು ಅಲುಗದಂತೆ ಕೊನೆ ಗಳಿಗೆಯಲ್ಲಿ ಹೊಡೆಯುವ ಈ ಅಡ್ಡಮರ, ಬೆಣೆಗಳೇ ಎಲ್ಲ ದೇಶದಲ್ಲೂ ತಲೆನೋವು. ಕ್ರೇಟ್ ಮಾಡುವವನು ಠಸ್ಸೆ ಹಾಕಿದ ಮರವನ್ನೇ ತರುತ್ತಾನೆ; ಲೋಡಿಂಗಿನವನು ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತಾನೆ.

ಆ ವಾದ ಬಿದ್ದುಹೋಗುವುದು ವಾರ್ಷಿಕ ಡಿಕ್ಲರೇಷನ್ನಿನ ಮುಂದೆ. ಪದೇಪದೇ ಕಳಿಸುವವರು ಒಂದೇ ಸಲ ಸಹಿ ಹಾಕಿದರೆ 12 ತಿಂಗಳ ಸರಕಿಗೆಲ್ಲ ಅದು ನಡೆಯುತ್ತದೆ. ಜನವರಿಯಲ್ಲಿ ಸಹಿ ಮಾಡಿದವನು ನವೆಂಬರಿನ ಪೆಟ್ಟಿಗೆಯ ಮರದ ಬಗ್ಗೆ ಪ್ರಮಾಣ ಮಾಡುತ್ತಿದ್ದಾನೆ. ಆ ಮರ ಆಗ ಇನ್ನೂ ಕಾಡಿನಲ್ಲಿ ನಿಂತಿರಬಹುದು. ವ್ಯಾಪಾರಕ್ಕೆ ಇದು ಅನುಕೂಲ, ಸಂಶಯವಿಲ್ಲ. ಆದರೆ ನೋಡಿದವನ ಸಾಕ್ಷಿಗೆ ಬೆಲೆ ಕೊಡಲು ಹುಟ್ಟಿದ ಕಾಗದ ಇಲ್ಲಿ ನೋಡದವನ ವಾಗ್ದಾನವಾಗಿ ಉಳಿಯಿತು. ಬಂದರಿನಲ್ಲಿ ಕುಳಿತವರು ಅದರ ದಿನಾಂಕ, ಅಕ್ಷರ, ಲೆಟರ್‌ಹೆಡ್ಡನ್ನು ಎಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸಿದರೂ ಹಲಗೆಯ ಬಗ್ಗೆ ಅವರಿಗೆ ಹೊಸದೇನೂ ತಿಳಿಯುವುದಿಲ್ಲ. ಕಾಗದದಲ್ಲಿ ಕಾಗುಣಿತ ತಪ್ಪಿದ ಪ್ರಾಮಾಣಿಕನ ಕಂಟೇನರ್ ನಿಲ್ಲುತ್ತದೆ. ಕಾಗದ ಚೊಕ್ಕಟವಾಗಿಟ್ಟುಕೊಂಡು ಹಸಿಮರ ತುಂಬಿದವನದು ದಾಟಿಹೋಗುತ್ತದೆ.

ಠಸ್ಸೆಯ ಮೇಲಾದರೂ ನಂಬಿಕೆ ಇಡಬಹುದೇ? ಈ ಪ್ರಶ್ನೆಗೆ ಅಂಕಿಅಂಶದ ಉತ್ತರವಿದೆ. ಅಮೆರಿಕ 2005–06ರಲ್ಲಿ ನಿಯಮವನ್ನು ಹಂತಹಂತವಾಗಿ ಜಾರಿಗೆ ತಂದಿತು. ಅದರ ಹಿಂದುಮುಂದಿನ ತಪಾಸಣೆಯ ದಾಖಲೆಗಳನ್ನು ಹೋಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮರದಲ್ಲಿ ಕೊರಕ ಹುಳ ಸಿಗುವ ಪ್ರಮಾಣ ಶೇ 36ರಿಂದ 52ರಷ್ಟು ಇಳಿಯಿತು. 2009ರ ಹೊತ್ತಿಗೆ ಸುಮಾರು ಸಾವಿರ ಸರಕಿಗೆ ಒಂದರಲ್ಲಿ ಹುಳ. ಅರ್ಧದ ಹತ್ತಿರ ಇಳಿದದ್ದು ಸಣ್ಣ ಗೆಲುವಲ್ಲ. ಆದರೆ 56 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದ ಮರದಲ್ಲಿ ಹುಳ ಇರಲೇಬಾರದಿತ್ತು. ಸಾವಿರಕ್ಕೆ ಒಂದು ಎನ್ನುವುದು ಒಂದು ದೊಡ್ಡ ಬಂದರಿಗೆ ವರ್ಷಕ್ಕೆ ಬರುವ ಕಂಟೇನರುಗಳ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ಗುಣಿಸಿಕೊಂಡರೆ ನೆಮ್ಮದಿ ಹೋಗುತ್ತದೆ.

ಅಲ್ಲಿ ಹುಳ ಸಿಕ್ಕ ಮರಗಳಲ್ಲಿ ಹೆಚ್ಚಿನವುಗಳ ಮೇಲೆ ಠಸ್ಸೆ ಇದ್ದೇ ಇತ್ತು. ಈ ಮಾತನ್ನು ಹಿಡಿದು ನಿಯಮವೇ ಸುಳ್ಳು ಎನ್ನುವವರು ಲೆಕ್ಕ ತಪ್ಪುತ್ತಾರೆ. ಬರುವ ಮರದಲ್ಲೆಲ್ಲ ಠಸ್ಸೆ ಇದ್ದ ಮೇಲೆ ಹುಳ ಸಿಕ್ಕ ಮರದಲ್ಲೂ ಅದು ಇರುವುದು ಸಹಜ. ಅದರಿಂದ ತಿಳಿಯುವುದು ಬೇರೆ: ಠಸ್ಸೆ ಕಂಡೊಡನೆ ಕಣ್ಣು ಬೇರೆಡೆಗೆ ಹೊರಳಿಸುವ ತಪಾಸಣೆಗೆ ಹುಳ ಸಿಗುವುದಿಲ್ಲ. ಕಾರಣಗಳು ಹಲವು. ಭಟ್ಟಿಯ ಗಾಳಿ 56 ಮುಟ್ಟಿದ ಕೂಡಲೇ ಸ್ವಿಚ್ ಆರಿಸಿದರೆ ತಿರುಳು ತಣ್ಣಗೇ ಉಳಿಯುತ್ತದೆ. ಉಷ್ಣಮಾಪಕದ ತಂತಿಯನ್ನು ಅತಿ ದಪ್ಪದ ಹಲಗೆಯ ನಡುವಿಗೆ ಕೊರೆದು ಕೂರಿಸುವ ಬದಲು ತೆಳು ಹಲಗೆಗೆ ಸಿಕ್ಕಿಸಿದರೂ ಹಾಗೇ. ಕಾಯಿಸಿದ ಮರವನ್ನು ತೊಗಟೆಯ ಚೂರಿನೊಂದಿಗೆ ತಿಂಗಳುಗಟ್ಟಲೆ ಬಯಲಲ್ಲಿಟ್ಟರೆ ಹೊಸ ಹುಳ ಸೇರಬಹುದು. ಕೆಲವೆಡೆ ಭಟ್ಟಿಯೇ ಇಲ್ಲ, ಅಚ್ಚು ಮಾತ್ರ ಇದೆ. ಕಳ್ಳ ಠಸ್ಸೆ ಮಾಡಿಸಲು ಬೇಕಾದದ್ದು ಒಂದು ರಬ್ಬರ್ ಸ್ಟ್ಯಾಂಪ್ ಅಂಗಡಿ. ಹಾಗೆ ಒತ್ತಿದ, ಭಾರತವನ್ನು ಸೂಚಿಸುವ ಪ್ರತಿಯೊಂದು ಸುಳ್ಳು ‘ಐಎನ್’ ಠಸ್ಸೆಯೂ ನಿಯಮದಂತೆ ಕರೆಂಟು ಸುಟ್ಟು ಮರ ಕಾಯಿಸಿದ ಪಕ್ಕದ ಘಟಕದ ಮೇಲಿನ ನಂಬಿಕೆಯನ್ನೂ ತಿಂದುಹಾಕುತ್ತದೆ.

ಮೀಥೈಲ್ ಬ್ರೋಮೈಡಿನ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಪ್ಯಾಕಿಂಗ್ ಮರಕ್ಕೆ ಅದನ್ನು ನಿಲ್ಲಿಸಬೇಕು. ಬಣ್ಣವಿಲ್ಲದ, ವಾಸನೆಯಿಲ್ಲದ, ನರಕ್ಕೆ ಹೊಡೆಯುವ ವಿಷಾನಿಲ. ಸೋರಿದ್ದು ಗೊತ್ತಾಗಲೆಂದು ಕಣ್ಣು ಉರಿಸುವ ಕ್ಲೋರೋಪಿಕ್ರಿನ್ ಬೆರೆಸುವುದುಂಟು. ಓಜೋನ್ ಪದರವನ್ನು ತಿನ್ನುತ್ತದೆ ಎಂಬ ಕಾರಣಕ್ಕೆ ಮಾಂಟ್ರಿಯಲ್ ಒಪ್ಪಂದದಡಿ ಹೊಲಗದ್ದೆಗಳ ಬಳಕೆಯಿಂದ ಅದನ್ನು ತೆಗೆದರು, ಕ್ವಾರಂಟೈನ್ ಬಳಕೆಗೆ ಮಾತ್ರ ವಿನಾಯಿತಿ ಉಳಿಸಿದರು. ಯುರೋಪಿನ ಒಕ್ಕೂಟ 2010ರಲ್ಲಿ ಅದನ್ನೂ ಕೈಬಿಟ್ಟಿತು. ಅಲ್ಲಿನ ವ್ಯಾಪಾರವೇನೂ ನಿಲ್ಲಲಿಲ್ಲ. 20 ಸೆಂಟಿಮೀಟರಿಗಿಂತ ದಪ್ಪದ ಮರಕ್ಕೆ ಈ ಅನಿಲ ಕೊಡುವಂತಿಲ್ಲ, ಹವೆ 10 ಡಿಗ್ರಿಗಿಂತ ತಣ್ಣಗಿದ್ದರೂ ಆಗದು. ಸೋಯಾ, ಬೇಳೆಯಂಥ ಸರಕಿಗೆ ಬದಲಿ ಹುಡುಕುವುದು ಕಷ್ಟವೆಂದರೆ ಒಪ್ಪಬಹುದು. ಮರಕ್ಕೆ ಭಟ್ಟಿ ಇದೆ.

ಇನ್ನು ಠಸ್ಸೆಯ ವಿಷಯದಲ್ಲಿ ನಮ್ಮ ದೇಶದ ಕಾನೂನು ಹಿಂದುಳಿದಿಲ್ಲ. 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆಯ ಅಡಿಯಲ್ಲಿ ಹೊರಟ 2003ರ ಸಸ್ಯ ಕ್ವಾರಂಟೈನ್ ಆದೇಶ ಆಮದು ಸರಕಿನ ಮರಕ್ಕೂ ಠಸ್ಸೆ ಕೇಳುತ್ತದೆ. ಠಸ್ಸೆಯಿಲ್ಲದ ಮರ ಕಂಡರೆ ಕಸ್ಟಮ್ಸ್ ಅಧಿಕಾರಿ ಸರಕನ್ನು ಹಾಗೇ ಬಿಡುವಂತಿಲ್ಲ. ಕ್ವಾರಂಟೈನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇಲ್ಲೇ ಸಂಸ್ಕರಿಸಿದ ಮೇಲೆ ಬಿಡಬೇಕು. ಅಮೆರಿಕದ ಪದ್ಧತಿ ಇದಕ್ಕಿಂತ ಕಠೋರ. ಅಲ್ಲಿ ತಪ್ಪಿದ ಮರ ದೇಶ ಬಿಟ್ಟು ವಾಪಸು ಹೋಗಬೇಕು, ಸರಕನ್ನು ಅದರಿಂದ ಬೇರ್ಪಡಿಸಲಾಗದಿದ್ದರೆ ಸರಕೂ ಸಹ. 2017ರ ನವೆಂಬರಿನಿಂದ ಮೊದಲ ತಪ್ಪಿಗೇ ದಂಡ ಹಾಕುವ ಅವಕಾಶವೂ ಬಂತು. ಅದಕ್ಕೆ ಮುಂಚೆ ವರ್ಷದಲ್ಲಿ ಐದು ತಪ್ಪಿನವರೆಗೆ ಸಹಿಸುತ್ತಿದ್ದರು.

ನಮ್ಮ ಮೃದು ಧೋರಣೆ ಸಣ್ಣ ಆಮದುದಾರನಿಗೆ ದಯೆ ತೋರಿದಂತೆ ಕಾಣುತ್ತದೆ. ಅದರ ಪರಿಣಾಮ ನೋಡಿ. ತಪ್ಪು ಮಾಡಿದವನು ಶಾಂಘೈಯಲ್ಲೋ ಹ್ಯಾಂಬರ್ಗಿನಲ್ಲೋ ಇದ್ದಾನೆ, ಅವನಿಗೆ ಹಣ ಸೇರಿಯಾಗಿದೆ. ಅನಿಲದ ಖರ್ಚು, ಸರಕು ಬಿಡಿಸುವುದು ತಡವಾದದ್ದಕ್ಕೆ ಡಿಮರೇಜು, ಕಂಟೇನರ್ ಬಾಡಿಗೆ ಎಲ್ಲ ಇಲ್ಲಿನವನ ತಲೆಗೆ. ಕಂಟೇನರಿನ ಬಾಗಿಲು ತೆರೆದು ಠಸ್ಸೆ ಇಲ್ಲವೆಂದು ಗುರುತಿಸಿ, ಅನಿಲದವರನ್ನು ಕರೆಸುವಷ್ಟರಲ್ಲಿ ಒಳಗಿದ್ದ ದುಂಬಿಗೆ ಹಾರಿಹೋಗಲು ಬೇಕಾದಷ್ಟು ಹೊತ್ತು ಸಿಕ್ಕಿರುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್ ಒಣಬಂದರಿಗೆ ಬರುವ ಕಂಟೇನರ್ ಸಮುದ್ರತೀರದಿಂದ ನೂರಾರು ಕಿಲೋಮೀಟರ್ ಒಳಗೆ ಬಂದ ಮೇಲೆ ತೆರೆದುಕೊಳ್ಳುತ್ತದೆ ಎನ್ನುವುದನ್ನೂ ಮರೆಯುವಂತಿಲ್ಲ.

ನಮ್ಮಲ್ಲಿ ಇನ್ನೊಂದು ವಿಶೇಷವಿದೆ, ಯಾವ ಮಾನದಂಡವೂ ಇದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಲ್ಲಿ ಮರ ಕಸವಾಗುವುದಿಲ್ಲ. ಯಂತ್ರ ಇಳಿಸಿದ ಮರುದಿನವೇ ಪೈನ್ ಹಲಗೆಯ ಕ್ರೇಟನ್ನು ಗುಜರಿಯವರು ತೂಕಕ್ಕೆ ಒಯ್ಯುತ್ತಾರೆ. ಕೈಗಾರಿಕಾ ಪ್ರದೇಶಗಳ ಬದಿಯಲ್ಲಿ ಮೊಳೆ ಕಿತ್ತು, ಅಳತೆವಾರು ಪೇರಿಸಿ, ಮಾರುವ ಅಂಗಡಿಗಳಿವೆ. ಅಲ್ಲಿಂದ ಅದು ಮಂಚವಾಗುತ್ತದೆ, ಕೆಫೆಯ ಬೆಂಚಾಗುತ್ತದೆ, ತರಕಾರಿಯ ಪೆಟ್ಟಿಗೆಯಾಗಿ ಹಳ್ಳಿಗೆ ಹೋಗುತ್ತದೆ, ತೋಟದ ಶೆಡ್ಡಿಗೆ ಗೋಡೆಯಾಗುತ್ತದೆ. ಮಿತವ್ಯಯದ ದೃಷ್ಟಿಯಿಂದ ಮೆಚ್ಚಬೇಕಾದದ್ದೇ. ಆದರೆ ಒಂದೆರಡು ವರ್ಷ ಒಣಮರದೊಳಗೇ ಬದುಕಬಲ್ಲ ಕೊರಕ ಹುಳುವಿಗೆ ಇದಕ್ಕಿಂತ ಒಳ್ಳೆಯ ಸಾರಿಗೆ ವ್ಯವಸ್ಥೆ ಸಿಗದು. ಬೇರೆ ದೇಶಗಳಲ್ಲಿ ಬಂದರಿನ ಸುತ್ತ ಕಣ್ಣಿಟ್ಟರೆ ಸಾಕಾಗಬಹುದು. ನಮ್ಮಲ್ಲಿ ಹಾಗಲ್ಲ.

ಒಳಗೆ ಬಂದ ಮೇಲೆ ಏನಾಗುತ್ತದೆ ಎಂದು ಕರ್ನಾಟಕಕ್ಕೆ ಹೇಳಿಕೊಡಬೇಕಿಲ್ಲ. ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್ ಭಾರತದಲ್ಲಿ ಮೊದಲು ಗುರುತಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅದು ಮರ ಕೊರೆಯುವ ಹುಳವಲ್ಲ, ಪ್ಯಾಲೆಟ್ಟಿಗೂ ಅದಕ್ಕೂ ನಂಟಿಲ್ಲ. ಆದರೂ ನೋಡಿ: ಅದೇ ಹಂಗಾಮಿನಲ್ಲಿ ಪಕ್ಕದ ಜಿಲ್ಲೆಗಳು, ಅದೇ ವರ್ಷ ಪಕ್ಕದ ರಾಜ್ಯಗಳು. ಈಗ ಅದನ್ನು ಹೊರಗಟ್ಟುವ ಮಾತೇ ಇಲ್ಲ. ಪ್ರತಿ ಬೆಳೆಗೂ ಔಷಧಿಯ ಖರ್ಚು ರೈತನ ಲೆಕ್ಕದಲ್ಲಿ ಖಾಯಂ ಆಗಿ ಸೇರಿದೆ.

ಹಾಗಾದರೆ ಏನು ಮಾಡಬೇಕು? ಠಸ್ಸೆ ಇರುವ ಮರಕ್ಕೆ ಎರಡನೇ ಕಾಗದ ಕೇಳುವುದನ್ನು ಬಿಡುವುದು ಮೊದಲ ಕೆಲಸ. ಕಾಗದ ತಿದ್ದಿಸಲು ಹೋಗುವ ಅಧಿಕಾರಿಗಳ ಹೊತ್ತನ್ನು ಉಳಿಸಿ, ಆ ಹೊತ್ತಿನಲ್ಲಿ ಮುನ್ಸೂಚನೆಯಿಲ್ಲದೆ ಆರಿಸಿದ ಕಂಟೇನರುಗಳನ್ನು ನಿಜವಾಗಿ ತೆರೆಯಬೇಕು. ಕಾಗದ ಸರಿಯಿಲ್ಲದವರ ಕಂಟೇನರನ್ನಷ್ಟೇ ತೆರೆಯುವುದು ಸುಲಭ. ಅದರಿಂದ ಕಾಗದ ಸರಿಯಿಡಲು ಬಾರದವರು ಯಾರೆಂದಷ್ಟೇ ತಿಳಿಯುತ್ತದೆ. ಕಲ್ಲು, ಟೈಲ್ಸು, ಕಬ್ಬಿಣ, ಭಾರೀ ಯಂತ್ರದ ಸರಕಿಗೆ ಹೆಚ್ಚಿನ ಪಾಲು ತಪಾಸಣೆ ಇರಲಿ. ತಪಾಸಣೆಗೆ ಬೇಕಾದ ಸಾಮಾನು ದುಬಾರಿಯದೂ ಅಲ್ಲ: ಒಂದು ಒಳ್ಳೆಯ ಟಾರ್ಚು, ಉಳಿ, ಸುತ್ತಿಗೆ, ಹುಳ ಹಾಕಿಡಲು ಶೀಷೆ. ಗಟ್ಟಿಯ ಅಂಚಿನಲ್ಲಿ ಉಳಿದ ತೊಗಟೆಯನ್ನು ಉಳಿಯಿಂದ ಎತ್ತಿದರೆ ಕೆಳಗೆ ಹುಳು ತಿಂದ ಜಾಡು ಕಾಣುತ್ತದೆ. ಪ್ಯಾಲೆಟ್ಟಿನ ಅಡಿಯಲ್ಲಿ ಕಂಟೇನರಿನ ನೆಲದ ಮೇಲೆ ಹೊಸ ಹುಡಿ ಬಿದ್ದಿದ್ದರೆ ಒಳಗೆ ಇನ್ನೂ ಜೀವ ಇದೆ. ಇದನ್ನು ಓದಲು ಬಲ್ಲವರು ಬೇಕು, ಮತ್ತು ಅವರಿಗೆ ಮೇಜಿನಿಂದ ಏಳಲು ಬಿಡುವು ಬೇಕು. ಮರದ ಶಾಸ್ತ್ರಕ್ಕೇ ಮೀಸಲಾದ ಕೇಂದ್ರ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ; ಬಂದರಿನ ಸಿಬ್ಬಂದಿಯನ್ನು ತರಬೇತಿಗೆ ದೂರ ಕಳಿಸಬೇಕಾದ್ದೂ ಇಲ್ಲ.

ಜೀವಂತ ಹುಳ ಸಿಕ್ಕಾಗ ಆ ಠಸ್ಸೆಯ ದೇಶ, ಘಟಕದ ಸಂಖ್ಯೆಯನ್ನು ಪ್ರಕಟಿಸಬೇಕು. ಆ ಸಂಖ್ಯೆಯನ್ನು ಮರದ ಮೇಲೆ ಹಾಕಿಸಿದ್ದೇ ಯಾರ ಭಟ್ಟಿ ಎಂದು ಹಿಂದಕ್ಕೆ ಜಾಡು ಹಿಡಿಯಲೆಂದು. ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ಗುಟ್ಟಿನ ಪತ್ರದಲ್ಲಿ ಅದು ಉಳಿದರೆ ಮುಂದಿನ ತಿಂಗಳು ಅದೇ ಭಟ್ಟಿಯ ಪೆಟ್ಟಿಗೆ ಇನ್ನೊಂದು ಬಂದರಿಗೆ ಹೋಗುತ್ತದೆ. ನಮ್ಮ ‘ಐಎನ್’ ಸಂಖ್ಯೆಗಳಿಗೂ ಇದೇ ಅನ್ವಯಿಸಬೇಕು, ಮುಜುಗರವಾದರೂ ಸರಿ.

ಇದೆಲ್ಲ ಆಗುವವರೆಗೆ ಕಾಯದೆ ಇಲ್ಲಿನ ಕೊಳ್ಳುಗ ಮಾಡಬಹುದಾದದ್ದೊಂದಿದೆ. ಪರ್ಚೇಸ್ ಆರ್ಡರಿನಲ್ಲಿ ಬೆಲೆ, ಅಳತೆ, ಡೆಲಿವರಿ ತಾರೀಕಿನ ಜೊತೆ ಪ್ಯಾಕಿಂಗ್ ಬಗ್ಗೆಯೂ ನಾಲ್ಕು ಸಾಲು ಬರೆಯಬೇಕು: ಕಾಯಿಸಿದ ಮರ ಅಥವಾ ಪ್ಲೈವುಡ್ ಮಾತ್ರ, ಬೆಣೆ ಅಡ್ಡಮರಗಳೂ ಸೇರಿ, ಲೋಡಿಂಗ್ ಮುಗಿದು ಬಾಗಿಲು ಮುಚ್ಚುವ ಮುನ್ನ ಠಸ್ಸೆ ಕಾಣುವ ಫೋಟೊ, ತಪ್ಪಿದರೆ ಇಲ್ಲಿನ ಸಂಸ್ಕರಣೆಯ ಖರ್ಚೂ ಡಿಮರೇಜೂ ಮಾರಿದವರ ಮೇಲೆ. ಕೊನೆಯ ಷರತ್ತಿಗೆ ಸಹಿ ಹಾಕುವಾಗ ಶಾಂಘೈಯ ಮಾರಾಟ ವಿಭಾಗದವನು ತನ್ನ ಪ್ಯಾಕಿಂಗ್ ಗುತ್ತಿಗೆದಾರನಿಗೆ ಫೋನ್ ಮಾಡುತ್ತಾನೆ.